ಟಿಕೆಟ್‌ಗೂ ಮೊದಲು ಆ ಕಾಗದ: ಗ್ರೀನ್ ಕಾರ್ಡ್ ಅರ್ಜಿ ಹಾಕಿರುವ ಕನ್ನಡ ದಂಪತಿಗಳಿಗೂ ಊರಿನ ಹಿರಿಯರಿಗೂ ಬಹಿರಂಗ ಪತ್ರ

ಅಮೆರಿಕದಲ್ಲಿ ಗ್ರೀನ್ ಕಾರ್ಡ್‌ಗೆ ಅರ್ಜಿ ಹಾಕಿ ಕಾಯುತ್ತಿರುವ ಕನ್ನಡ ದಂಪತಿಗಳೇ, ಊರಿನಲ್ಲಿ ಅವರ ದಾರಿ ನೋಡುತ್ತಿರುವ ತಂದೆತಾಯಂದಿರೇ, ಅತ್ತೆಮಾವಂದಿರೇ, ನಮಸ್ಕಾರ.

ವಲಸೆ ಅರ್ಜಿಗಳ ಕಾಗದಪತ್ರ ಜೋಡಿಸಿಕೊಡುವ ಕೆಲಸದಲ್ಲಿರುವ ನಾವು ಕೆಲವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಕಾರಣ ಒಂದೇ. 2024ರ ಮಾರ್ಚ್ ಮುಗಿಯುವವರೆಗೆ ಗ್ರೀನ್ ಕಾರ್ಡ್ ಕೇಳುವ ಐ-485 ಅರ್ಜಿಯ ಶುಲ್ಕ ಕಟ್ಟಿದರೆ ಸಾಕಿತ್ತು. ಕೆಲಸದ ಪರವಾನಗಿ ಕೇಳುವ ಐ-765, ಪ್ರಯಾಣದ ಪರವಾನಗಿ ಕೇಳುವ ಐ-131 ಎರಡೂ ಅದರಲ್ಲೇ ಸೇರಿದ್ದವು. ಆ ಏಪ್ರಿಲ್ 1ರಿಂದ ಮೂರಕ್ಕೂ ಬೇರೆ ಬೇರೆ ದರ ಬಂತು: ಐ-485ಕ್ಕೆ 1,440 ಡಾಲರ್, ಅದರ ಜೊತೆ ಹಾಕುವ ಐ-765ಕ್ಕೆ 260, ಐ-131ಕ್ಕೆ 630. ಗಂಡ ಹೆಂಡತಿ ಇಬ್ಬರಿಗೂ ಮೂರನ್ನೂ ಹಾಕಿದರೆ 4,660 ಡಾಲರ್. ವೈದ್ಯಕೀಯ ತಪಾಸಣೆ, ವಕೀಲರ ಫೀಸು ಇದರ ಮೇಲೆ. ಎಲ್ಲಿ ಉಳಿಸೋಣ ಎಂದು ಕೂತಾಗ ಹೆಚ್ಚಿನ ಮನೆಗಳಲ್ಲಿ ಮೊದಲು ಕತ್ತರಿ ಬೀಳುವುದು ಸಂಗಾತಿಯ ಐ-131ಕ್ಕೆ. "ಅವಳಿಗೆ ಎಚ್-4 ಸ್ಟಾಂಪ್ ಇದೆಯಲ್ಲ, ಅದರಲ್ಲೇ ಹೋಗಿ ಬಂದರಾಯಿತು" ಎನ್ನುವುದು ಸಮಾಧಾನ. (ಎಚ್-1ಬಿ ಎಂಬ ಉದ್ಯೋಗ ವೀಸಾದಲ್ಲಿರುವವರ ಸಂಗಾತಿ, ಮಕ್ಕಳಿಗೆ ಸಿಗುವ ವೀಸಾ ಎಚ್-4; ಪಾಸ್‌ಪೋರ್ಟಿನಲ್ಲಿ ಅಂಟಿಸುವ ವೀಸಾ ಚೀಟಿಯೇ ಸ್ಟಾಂಪ್.)

ಈ ಲೆಕ್ಕ ತಲೆಕೆಳಗಾಗಿದೆ. ಇಬ್ಬರಲ್ಲಿ ಒಬ್ಬರಿಗೆ ಮಾತ್ರ 630 ಡಾಲರ್ ಹೊಂದಿಸಲು ಆಗುವುದಾದರೆ ಅದನ್ನು ಸಂಗಾತಿಯ ಅರ್ಜಿಗೆ ಕಟ್ಟಿ. ಯಾಕೆ ಎಂದು ಬಿಡಿಸಿ ಹೇಳುತ್ತೇವೆ.

ಐ-485 ಎಂದರೆ ಅಮೆರಿಕದೊಳಗೇ ಇದ್ದುಕೊಂಡು ಖಾಯಂ ನಿವಾಸಿಯಾಗಲು ಕೇಳುವ ಅರ್ಜಿ. ಅದು ಬಾಕಿ ಇರುವಾಗ ದೇಶ ಬಿಟ್ಟು ಹೊರಟರೆ ಅರ್ಜಿಯನ್ನು ಕೈಬಿಟ್ಟಂತೆ ಎಂದು ನಿಯಮ ಹೇಳುತ್ತದೆ. ಕೈಬಿಟ್ಟದ್ದಲ್ಲ, ಬರೀ ಹತ್ತು ದಿನಕ್ಕೆ ಹೋಗಿ ಬಂದದ್ದು ಎಂಬ ವಾದಕ್ಕೆ ಅಲ್ಲಿ ಬೆಲೆ ಇಲ್ಲ. ತಪ್ಪಿಸಿಕೊಳ್ಳುವ ದಾರಿ ಎರಡು. ಹೊರಡುವ ಮೊದಲೇ ಅಡ್ವಾನ್ಸ್ ಪೆರೋಲ್, ಅಂದರೆ ಎಲ್ಲರೂ ಎಪಿ ಎಂದು ಕರೆಯುವ ಕಾಗದ ಕೈಯಲ್ಲಿರಬೇಕು. ಇಲ್ಲವೇ ಎಚ್-1ಬಿ, ಎಚ್-4, ಕಂಪನಿಯೊಳಗಿನ ವರ್ಗಾವಣೆಯ ಎಲ್-1, ಅವರ ಸಂಗಾತಿಯ ಎಲ್-2ರಂಥ ಕೆಲವೇ ವೀಸಾ ವರ್ಗಗಳಲ್ಲಿ ಒಂದರಲ್ಲಿ ಸ್ಟೇಟಸ್, ಅಂದರೆ ಅಮೆರಿಕದಲ್ಲಿರಲು ಸಿಕ್ಕ ಕಾನೂನುಬದ್ಧ ಸ್ಥಾನ, ಕೆಡದಂತೆ ಇಟ್ಟುಕೊಂಡು, ಅದೇ ವರ್ಗದ ಊರ್ಜಿತ ವೀಸಾದ ಮೇಲೆ ಮರಳಬೇಕು. ವಿದ್ಯಾರ್ಥಿಯ ಎಫ್-1, ಸಂದರ್ಶಕರ ಬಿ-2, ಪ್ರತಿಭೆಯ ಮೇಲೆ ಸಿಗುವ ಒ-1, ಇವು ಯಾವುವೂ ಆ ಪಟ್ಟಿಯಲ್ಲಿಲ್ಲ. ಅಮೆರಿಕದ ಪ್ರಜೆಯನ್ನು ಮದುವೆಯಾಗಿ, ಸಂಬಂಧಿಕರ ಪರವಾಗಿ ಹಾಕುವ ಐ-130 ಮತ್ತು ಐ-485 ಒಟ್ಟಿಗೆ ಹಾಕಿರುವ ಎಫ್-1 ವಿದ್ಯಾರ್ಥಿನಿಯ ಪಾಸ್‌ಪೋರ್ಟಿನಲ್ಲಿ ಐದು ವರ್ಷದ ಸ್ಟಾಂಪ್ ಇನ್ನೂ ಊರ್ಜಿತವಾಗಿದ್ದರೂ ಅದು ಅವಳ ಅರ್ಜಿಯನ್ನು ಉಳಿಸುವುದಿಲ್ಲ. ಅಮೆರಿಕದ ಪ್ರಜೆಯನ್ನು ಮದುವೆಯಾಗಲೆಂದು ಕೊಡುವ ಕೆ-1 ವೀಸಾದಲ್ಲಿ ಬಂದು ಮದುವೆಯಾದವರಿಗೂ ಹಾಗೆಯೇ.

ಇನ್ನು ಎಚ್-4. ಅದಕ್ಕೆ ಸ್ವಂತ ಬೇರಿಲ್ಲ. ಎಚ್-1ಬಿ ಇರುವವರ ಸಂಗಾತಿ ಎಂಬ ಆಧಾರದ ಮೇಲೆ ಮಾತ್ರ ಅದು ನಿಂತಿದೆ. ಗಂಡನದು ಎಚ್-1ಬಿ, ಹೆಂಡತಿಯದು ಎಚ್-4, ಇಬ್ಬರ ಐ-485ಗಳೂ ಬಾಕಿ ಎಂದಿಟ್ಟುಕೊಳ್ಳಿ. ಹೆಂಡತಿ ತಂಗಿಯ ಮದುವೆಗೆಂದು ದಾವಣಗೆರೆಗೆ ಬಂದಿದ್ದಾರೆ. ಎಪಿ ಇಲ್ಲ, ಎಚ್-4 ಸ್ಟಾಂಪ್ ಇದೆ. ಆ ಹೊತ್ತಿಗೆ ಗಂಡನ ಗ್ರೀನ್ ಕಾರ್ಡ್ ಮಂಜೂರಾಯಿತು. ಮನೆಮಂದಿಗೆಲ್ಲ ಸಂತೋಷ. ಆದರೆ ಮಂಜೂರಾದ ಆ ದಿನವೇ ಗಂಡ ಎಚ್-1ಬಿ ಅಲ್ಲ, ಖಾಯಂ ನಿವಾಸಿ. ಎಚ್-1ಬಿ ಇಲ್ಲವಾದ ಮೇಲೆ ಎಚ್-4ಕ್ಕೆ ಆಧಾರವೇ ಇಲ್ಲ. ಪಾಸ್‌ಪೋರ್ಟಿನಲ್ಲಿ ಸ್ಟಾಂಪಿನ ಅವಧಿ ಇನ್ನೂ ಎರಡು ವರ್ಷ ಇದ್ದರೂ ಅದನ್ನು ತೋರಿಸಿ ಒಳಗೆ ಬರುವಂತಿಲ್ಲ. ಎಚ್-4ರಲ್ಲಿ ಬರಲಾಗದು, ಎಪಿ ಮಾಡಿಸಿಲ್ಲ. ಹೆಂಡತಿಯ ಐ-485 ಕೈಬಿಟ್ಟ ಅರ್ಜಿಯಾಗುತ್ತದೆ. ಗಂಡನ ಗ್ರೀನ್ ಕಾರ್ಡೇ ಹೆಂಡತಿಯ ದಾರಿ ಮುಚ್ಚಿಬಿಡುತ್ತದೆ. ಜೊತೆಗೆ ಎಚ್-4 ಮಗುವೂ ಊರಿಗೆ ಬಂದಿದ್ದರೆ ಅದಕ್ಕೂ ಇದೇ ಗತಿ.

ಮುಖ್ಯ ಅರ್ಜಿದಾರರಿಗೆ ಈ ಅಪಾಯ ಇಲ್ಲ. ಅವರು ಹೊರಗಿರುವಾಗ ಅರ್ಜಿ ಬಾಕಿಯೇ ಇದ್ದರೆ ಎಚ್-1ಬಿ ವೀಸಾದಲ್ಲಿ ಬರುತ್ತಾರೆ. ಮಂಜೂರಾದರೆ ಕಾರ್ಡ್ ಇದೆ. ಅದಕ್ಕೇ ಹೇಳಿದ್ದು, ಎಪಿ ಮೊದಲು ಬೇಕಾದದ್ದು ಸಂಗಾತಿಗೆ, ಮಕ್ಕಳಿಗೆ.

ಇಬ್ಬರ ಅರ್ಜಿಯೂ ಒಂದೇ ದಿನ ಮಂಜೂರಾಗುತ್ತದೆ ಎಂದು ನಂಬಿಕೊಂಡು ಕೂರಬೇಡಿ. ಗಂಡನದು ಇಂದು, ಹೆಂಡತಿಯದು ಕೆಲವು ವಾರಗಳ ನಂತರ ಎಂಬುದು ಸಾಮಾನ್ಯ. ಇನ್ನೂ ಕಷ್ಟದ ಸಂಗತಿ ಎಂದರೆ ಅಮೆರಿಕ ಸರ್ಕಾರದ ಹಣಕಾಸು ವರ್ಷ ಸೆಪ್ಟೆಂಬರ್ 30ಕ್ಕೆ ಮುಗಿಯುವುದು. ವರ್ಷಕ್ಕಿಷ್ಟೇ ಗ್ರೀನ್ ಕಾರ್ಡ್ ಎಂದು ಮಿತಿ ಹಾಕಿದ ಆ ವರ್ಷದ ವೀಸಾ ಸಂಖ್ಯೆಗಳು ನಡುವೆ ಖಾಲಿಯಾದರೆ ಗಂಡನಿಗೆ ಸಂಖ್ಯೆ ಸಿಕ್ಕಿ ಹೆಂಡತಿಗೆ ಸಿಗದೆ ಉಳಿಯಬಹುದು. ಯಾವ ದಿನಾಂಕದವರೆಗಿನ ಸರದಿ ಬಂದಿದೆ ಎಂದು ತಿಂಗಳು ತಿಂಗಳು ತಿಳಿಸುವ ವೀಸಾ ಬುಲೆಟಿನ್‌ನಲ್ಲಿ ಅಕ್ಟೋಬರ್‌ಗೆ ಭಾರತದ ದಿನಾಂಕ ಹಿಂದಕ್ಕೆ ಸರಿದರೆ ಆ ಕಾಯುವಿಕೆ ತಿಂಗಳುಗಳಲ್ಲ, ವರ್ಷಗಳೇ ಆಗಬಹುದು. ಆ ಇಡೀ ಅವಧಿ ಹೆಂಡತಿ ಅಮೆರಿಕದೊಳಗೆ ಬಾಕಿ ಐ-485ರ ಬಲದ ಮೇಲೆ ಇರಬಹುದು. ಎಚ್-4 ಇಲ್ಲ, ಎಚ್-4 ಮೇಲೆ ಸಿಕ್ಕಿದ್ದ ಕೆಲಸದ ಪರವಾನಗಿಗೂ ಆಧಾರ ಹೋಯಿತು. ಊರಿಗೆ ಹೋಗಿ ಬರಲು ಎಪಿ ಒಂದೇ ದಾರಿ. ಆದ್ದರಿಂದ ಸಂಗಾತಿಯ ಐ-765ನ್ನೂ ಬಿಡಬೇಡಿ.

ಹಾಗೆ ಹೊರಗೆ ಸಿಕ್ಕಿಕೊಂಡವರಿಗೆ ಎಲ್ಲ ಬಾಗಿಲೂ ಮುಚ್ಚಿತೆಂದಲ್ಲ. ಉದ್ಯೋಗ ಆಧಾರಿತ ಅರ್ಜಿಯ ಪ್ರಯಾರಿಟಿ ಡೇಟ್, ಅಂದರೆ ಸರದಿಯ ದಿನಾಂಕ, ಮುಖ್ಯ ಅರ್ಜಿದಾರರದು, ಅದು ಕಳೆದುಹೋಗುವುದಿಲ್ಲ. ಗ್ರೀನ್ ಕಾರ್ಡ್ ಸಿಕ್ಕವರು, ತಮ್ಮ ಮಂಜೂರಾತಿಯನ್ನು ದೂತಾವಾಸಕ್ಕೆ ತಿಳಿಸಲು ಕೇಳುವ ಐ-824 ಹಾಕಿ, ಮಂಜೂರಾತಿಗೂ ಮುಂಚೆಯೇ ಮದುವೆಯಾಗಿದ್ದ ಸಂಗಾತಿಯನ್ನು ಫಾಲೋ-ಟು-ಜಾಯಿನ್, ಅಂದರೆ ಹಿಂದಿನಿಂದ ಬಂದು ಸೇರುವ ದಾರಿಯಲ್ಲಿ ಕರೆಸಿಕೊಳ್ಳಬಹುದು. ಐ-824 ಮಂಜೂರಾಗಬೇಕು, ಕಡತ ನ್ಯಾಷನಲ್ ವೀಸಾ ಸೆಂಟರ್‌ಗೆ ಹೋಗಬೇಕು, ವಲಸೆ ವೀಸಾದ ಡಿಎಸ್-260 ಫಾರಂ ತುಂಬಬೇಕು, ಪೊಲೀಸ್ ಪ್ರಮಾಣಪತ್ರ, ವೈದ್ಯಕೀಯ ತಪಾಸಣೆ ಆಗಬೇಕು, ಆಮೇಲೆ ಸಂದರ್ಶನ. ವೀಸಾ ಕೊಡುವ ಹೊತ್ತಿಗೆ ಪ್ರಯಾರಿಟಿ ಡೇಟ್ ಚಾಲ್ತಿಯಲ್ಲಿರಬೇಕು. 630 ಡಾಲರ್ ಉಳಿಸಿದ್ದಕ್ಕೆ ಗಂಡ ಹೆಂಡತಿ ಎರಡು ಖಂಡದಲ್ಲಿ ಬಾಳಬೇಕಾದ ಈ ಸ್ಥಿತಿ ಯಾರಿಗೂ ಬರಬಾರದೆಂದೇ ಇಷ್ಟು ಒತ್ತಿ ಹೇಳುತ್ತಿರುವುದು.

ಎಚ್-4 ಕುಸಿಯಲು ಗ್ರೀನ್ ಕಾರ್ಡೇ ಬರಬೇಕೆಂದಿಲ್ಲ. ಐ-485 ಮೇಲೆ ಸಿಕ್ಕ ಇಎಡಿ, ಅಂದರೆ ಕೆಲಸದ ಪರವಾನಗಿ, ಬಳಸಿ ಗಂಡ ಎಚ್-1ಬಿ ಬಿಟ್ಟು ಬೇರೆ ಕಂಪನಿ ಸೇರಿದರೂ ಸಂಗಾತಿಯ ಎಚ್-4 ಮುಗಿಯಿತು. ಕೆಲಸ ಬದಲಿಸುವ ಮಾತು ಮನೆಯಲ್ಲಿ ಬಂದ ದಿನವೇ ಸಂಗಾತಿಯ ಪ್ರಯಾಣದ ಕಾಗದದ ಮಾತೂ ಬರಲಿ.

ಈಗ ಅರ್ಜಿ ಹಾಕುವ ಕ್ರಮ. ಐ-485 ಕಳುಹಿಸುವಾಗಲೇ ಐ-131 ಜೊತೆಗಿಟ್ಟು ಕಳುಹಿಸುವುದು ಒಳ್ಳೆಯದು. ಆಗ ಬಿಟ್ಟಿದ್ದರೆ ಐ-485 ಬಾಕಿ ಇರುವವರೆಗೆ ಯಾವಾಗ ಬೇಕಾದರೂ ಹಾಕಬಹುದು. ಐ-485ಕ್ಕೆ ಬಂದ ಐ-797ಸಿ ರಸೀದಿಯ ಪ್ರತಿ, ಪಾಸ್‌ಪೋರ್ಟಿನ ವಿವರದ ಪುಟದ ಪ್ರತಿ ಜೊತೆಗಿರಬೇಕು. ಐ-131 ಒಂದೇ ಫಾರಂನಲ್ಲಿ ಹಲವು ಬಗೆಯ ಪ್ರಯಾಣ ಪತ್ರಗಳಿಗೆ ಅವಕಾಶವಿದೆ. ಗ್ರೀನ್ ಕಾರ್ಡ್ ಇರುವವರ ರೀ-ಎಂಟ್ರಿ ಪರ್ಮಿಟ್ ಚೌಕಕ್ಕೆ ಗುರುತು ಹಾಕಿ ಕಳುಹಿಸುವ ತಪ್ಪು ಬಹಳ ಸಾಮಾನ್ಯ. ನಿಮಗೆ ಬೇಕಾದದ್ದು ಬಾಕಿ ಐ-485 ಆಧಾರದ ಅಡ್ವಾನ್ಸ್ ಪೆರೋಲ್ ಚೌಕ. ಫಾರಂನ ಕೆಳಗೆ ಮುದ್ರಿಸಿರುವ ಆವೃತ್ತಿಯ ದಿನಾಂಕ ಹಳೆಯದಾಗಿದ್ದರೆ, ಸಹಿ ಬಿಟ್ಟುಹೋಗಿದ್ದರೆ, ಇಬ್ಬರ ಶುಲ್ಕ ಅಥವಾ ಎರಡು ಫಾರಂಗಳ ಶುಲ್ಕ ಒಟ್ಟುಗೂಡಿಸಿ ಕಟ್ಟಿದ್ದರೆ ಇಡೀ ಲಕೋಟೆ ವಾಪಸ್ ಬರಬಹುದು. ಒಬ್ಬೊಬ್ಬರ ಒಂದೊಂದು ಫಾರಂಗೂ ಪ್ರತ್ಯೇಕ ಪಾವತಿ ಇರಲಿ. 2025ರ ಅಕ್ಟೋಬರ್ ಕೊನೆಯಿಂದ ಕಾಗದದ ಅರ್ಜಿಗಳಿಗೆ ಚೆಕ್ ನಡೆಯುವುದಿಲ್ಲ. ಕಾರ್ಡ್ ಆದರೆ ಜಿ-1450, ಬ್ಯಾಂಕ್ ಖಾತೆಯಿಂದಾದರೆ ಜಿ-1650 ಫಾರಂ ತುಂಬಿ ಇಡಬೇಕು. ಶುಲ್ಕ, ಆವೃತ್ತಿ ಎರಡನ್ನೂ ಲಕೋಟೆ ಅಂಟಿಸುವ ದಿನ ಅಮೆರಿಕದ ವಲಸೆ ಇಲಾಖೆಯಾದ ಯುಎಸ್‌ಸಿಐಎಸ್ ಜಾಲತಾಣದಲ್ಲಿ ಮತ್ತೊಮ್ಮೆ ನೋಡಿ.

2020ರ ಅಕ್ಟೋಬರ್‌ನಲ್ಲಿ ದಿನಾಂಕಗಳು ಮುಂದೆ ಬಂದಾಗ ಅರ್ಜಿ ಹಾಕಿ ಇನ್ನೂ ಕಾಯುತ್ತಿರುವ ಕನ್ನಡಿಗರೂ ಇದ್ದಾರೆ. ನಿಮಗೊಂದು ಸಮಾಧಾನದ ಮಾತು. 2024ರ ಏಪ್ರಿಲ್ 1ಕ್ಕೂ ಮುನ್ನ ಶುಲ್ಕ ಕಟ್ಟಿ ಹಾಕಿದ ಐ-485 ಬಾಕಿ ಇದ್ದರೆ ಅದರ ಮೇಲೆ ಎಪಿ ಪಡೆಯಲೂ ನವೀಕರಿಸಲೂ ಶುಲ್ಕವಿಲ್ಲ. ಐ-485 ರಸೀದಿಯ ಪ್ರತಿ ಇಟ್ಟರಾಯಿತು. ಪುಕ್ಕಟೆ ಸಿಗುವ ಈ ಕಾಗದದ ಅವಧಿ ಮುಗಿಯಲು ಬಿಟ್ಟು ಕೂತಿರುವವರು ಇಂದೇ ನವೀಕರಣಕ್ಕೆ ಹಾಕಿ.

ಅರ್ಜಿ ಹಾಕಿ ರಸೀದಿ ಬಂದ ಮಾತ್ರಕ್ಕೆ ಹೊರಡಬಹುದೇ? ಇಲ್ಲ. ಈ ಪತ್ರದಲ್ಲಿ ಬೇರೇನೂ ನೆನಪಿರದಿದ್ದರೂ ಇದು ನೆನಪಿರಲಿ. ಐ-131 ಮಂಜೂರಾಗಿ ಕಾಗದ ಬರುವಾಗ ನೀವು ಅಮೆರಿಕದೊಳಗಿರಬೇಕು. "ನೀನು ಹೊರಡು, ಬಂದ ಮೇಲೆ ಕೊರಿಯರ್ ಮಾಡ್ತೀನಿ" ಎಂಬ ಉಪಾಯ ನಡೆಯದು. ಮಂಜೂರಾಗುವ ಮೊದಲೇ ಹೋದರೆ ಐ-131 ಕೈಬಿಟ್ಟಂತಾಗುತ್ತದೆ. ಎಚ್ ಅಥವಾ ಎಲ್ ವೀಸಾ ಇಲ್ಲದವರ ಐ-485 ಕೂಡ ಅದರ ಜೊತೆ ಹೋಗುತ್ತದೆ. ಎಚ್-1ಬಿ, ಎಚ್-4 ವೀಸಾದ ಮೇಲೆ ಹೋಗಿ ಬಂದವರ ಐ-485ಕ್ಕೆ ತೊಂದರೆಯಿಲ್ಲ, ಆದರೆ ಬಾಕಿಯಿದ್ದ ಐ-131 ನಿರಾಕರಣೆಯಾಗಿ ಮತ್ತೆ ಶುಲ್ಕ ಕಟ್ಟಿ ಹಾಕಬೇಕಾಗಬಹುದು. ಹಳೆಯ ಎಪಿಯ ಅವಧಿ ಇನ್ನೂ ಇದ್ದು ಹೊಸದು ಬಾಕಿ ಇದ್ದರೆ, ಹಳೆಯದರ ಮೇಲೆ ಹೋಗಿ ಅದರ ಅವಧಿಯೊಳಗೆ ಬರಬಹುದು.

ದೇಶ ಬಿಡುವುದು ಎಂದರೆ ಭಾರತಕ್ಕೆ ಹೋಗುವುದು ಮಾತ್ರ ಎಂದುಕೊಂಡವರೂ ಇದ್ದಾರೆ. ನಯಾಗರಾ ನೋಡಲು ಹೋದಾಗ ಕೆನಡಾ ಕಡೆಯ ನೋಟ ಚೆನ್ನ ಎಂದು ರೇನ್‌ಬೋ ಸೇತುವೆ ದಾಟಿದರೆ ದೇಶ ಬಿಟ್ಟಂತೆಯೇ. ಫ್ಲಾರಿಡಾದಿಂದ ಬಹಾಮಾಸ್ ಮುಟ್ಟಿ ಬರುವ ಹಡಗು, ಸಿಯಾಟಲ್‌ನಿಂದ ಅಲಾಸ್ಕಾಗೆ ಹೊರಟು ನಡುವೆ ಕೆನಡಾದ ವಿಕ್ಟೋರಿಯಾದಲ್ಲಿ ನಿಲ್ಲುವ ಹಡಗು, ಇವಕ್ಕೂ ಅದೇ ನಿಯಮ. ಹವಾಯಿ, ಪೋರ್ಟೊ ರಿಕೊಗೆ ನೇರವಾಗಿ ಹೋಗಿ ಬರುವುದು ದೇಶದೊಳಗಿನ ಪ್ರಯಾಣ, ಚಿಂತೆಯಿಲ್ಲ.

ಎಚ್-1ಬಿ ಸ್ಟಾಂಪ್ ಮುಗಿದವರು ಊರಿಗೆ ಹೋಗಿ ಸ್ಟಾಂಪಿಂಗ್ ಮಾಡಿಸಿಕೊಂಡು ಬರುತ್ತೇವೆ ಎನ್ನುತ್ತಾರೆ. ಮೊದಲು ಅದು ಅಷ್ಟೇನೂ ದೊಡ್ಡ ವಿಷಯವಾಗಿರಲಿಲ್ಲ. 2025ರಲ್ಲಿ ಚಿತ್ರ ಬದಲಾಯಿತು. ಸೆಪ್ಟೆಂಬರ್ 2ರಿಂದ ಎಚ್ ವೀಸಾಗಳಿಗೆ ಸಂದರ್ಶನವಿಲ್ಲದೆ ಕಾಗದ ಕೊಟ್ಟು ವೀಸಾ ಪಡೆಯುವ ಡ್ರಾಪ್‌ಬಾಕ್ಸ್ ಸೌಲಭ್ಯ ಹೋಗಿ ಸಂದರ್ಶನ ಕಡ್ಡಾಯವಾಯಿತು. ಅದೇ ತಿಂಗಳು, ಸ್ವಂತ ದೇಶದಲ್ಲಿ ಅಥವಾ ವಾಸವಿರುವ ದೇಶದಲ್ಲೇ ಅರ್ಜಿ ಹಾಕಬೇಕೆಂಬ ಸೂಚನೆ ಬಂದು ಮೂರನೇ ದೇಶದಲ್ಲಿ ಸ್ಟಾಂಪಿಂಗ್ ಮಾಡಿಸುವ ದಾರಿಯೂ ಕಿರಿದಾಯಿತು. ಡಿಸೆಂಬರ್ 15ರಿಂದ ಎಚ್-1ಬಿ, ಎಚ್-4 ಅರ್ಜಿದಾರರ ಸಾಮಾಜಿಕ ಜಾಲತಾಣದ ಖಾತೆಗಳ ಪರಿಶೀಲನೆ ಶುರುವಾಗಿ, ಭಾರತದಲ್ಲಿ ನಿಗದಿಯಾಗಿದ್ದ ಬಹಳಷ್ಟು ಸಂದರ್ಶನಗಳು ತಿಂಗಳುಗಟ್ಟಲೆ ಮುಂದಕ್ಕೆ ಹೋದವು. ರಜೆಗೆಂದು ಬಂದವರು ಕೆಲಸ, ಮಕ್ಕಳ ಶಾಲೆ, ಮನೆ ಬಾಡಿಗೆ ಎಲ್ಲ ಅಲ್ಲಿ, ತಾವು ಇಲ್ಲಿ ಎಂಬಂತಾದರು. 221(ಜಿ) ಚೀಟಿ ಕೊಟ್ಟು ಹೆಚ್ಚಿನ ತಪಾಸಣೆಗೆ ಹಾಕಿದರೆ ಎಷ್ಟು ದಿನ ಎಂದು ಹೇಳುವವರಿಲ್ಲ. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ದೂತಾವಾಸ ಉದ್ಘಾಟನೆಯಾಯಿತೆಂದು ಅಲ್ಲೇ ಸ್ಟಾಂಪಿಂಗ್ ಆಗುತ್ತದೆಂದುಕೊಳ್ಳಬೇಡಿ. ಉದ್ಘಾಟನೆಯ ಹೊತ್ತಿಗೆ ಅಲ್ಲಿ ವೀಸಾ ಸೇವೆ ಇರಲಿಲ್ಲ. ಯಾವ ಊರಲ್ಲಿ ಸ್ಲಾಟ್ ಇದೆ ಎಂದು ಮೊದಲು ನೋಡಿಕೊಳ್ಳಿ.

ಎಪಿ ಇದ್ದರೆ ಸ್ಟಾಂಪಿಂಗ್ ಇಲ್ಲದೆಯೇ ಮರಳಬಹುದು, ಅದೇ ಅದರ ದೊಡ್ಡ ಗುಣ. ಸ್ಟಾಂಪಿಂಗ್‌ಗೆಂದೇ ಹೋಗುವವರೂ ಎಪಿಯನ್ನು ಚೀಲದಲ್ಲಿಟ್ಟುಕೊಂಡು ಹೋದರೆ, ಸಂದರ್ಶನ ಮುಂದೂಡಿದಾಗ ಅದರ ಮೇಲೆ ಹಿಂದಿರುಗಬಹುದು. ಪಾಸ್‌ಪೋರ್ಟ್ ದೂತಾವಾಸದಲ್ಲೇ ಉಳಿದಿದ್ದರೆ ಮೊದಲು ಅದನ್ನು ವಾಪಸ್ ಕೇಳಿ ಪಡೆಯಬೇಕು.

ಹಾಗೆಂದು ಎಪಿಯನ್ನು ವೀಸಾ ಎಂದು ತಿಳಿಯಬಾರದು. ಅದು ಗಡಿಯಲ್ಲಿ ಬಂದು ನಿಲ್ಲಲು ಕೊಟ್ಟ ಅನುಮತಿ. ಒಳಗೆ ಬಿಡುವ ತೀರ್ಮಾನ ಅಲ್ಲಿನ ಗಡಿ ತಪಾಸಣೆ ಇಲಾಖೆಯ (ಸಿಬಿಪಿ) ಅಧಿಕಾರಿಯದು. ಹೊರಗಿರುವಾಗ ಐ-485 ನಿರಾಕರಣೆಯಾದರೆ ಎಪಿಯೂ ನಿಷ್ಪ್ರಯೋಜಕ. ಈ ಕಾರಣಕ್ಕೆ, ಆಗುವಷ್ಟು ದಿನ ಎಚ್-1ಬಿ, ಎಚ್-4 ಸ್ಟೇಟಸ್‌ಗಳನ್ನು ನವೀಕರಿಸಿ ಉಳಿಸಿಕೊಳ್ಳಿ, ಎಪಿಯನ್ನೂ ಇಟ್ಟುಕೊಳ್ಳಿ ಎನ್ನುತ್ತೇವೆ. ಒಂದು ಮುರಿದರೆ ಇನ್ನೊಂದು ಇರುತ್ತದೆ.

ಕೆಲವರು ಎಪಿ ಕೈಗೆ ಬಂದರೂ ವಕೀಲರನ್ನು ಕಾಣದೆ ಹೊರಡಬಾರದು: ಸ್ಟೇಟಸ್ ಮುಗಿದ ಮೇಲೂ ಅಮೆರಿಕದಲ್ಲಿ ಉಳಿದಿದ್ದವರು, ಯಾವುದೇ ಬಂಧನ ಅಥವಾ ಮೊಕದ್ದಮೆ ಇರುವವರು, ಗಡೀಪಾರು ಪ್ರಕರಣ ನಡೆಯುತ್ತಿರುವವರು. 180 ದಿನ ಮೀರಿ ಅಕ್ರಮವಾಗಿ ಉಳಿದು ಹೊರಟವರಿಗೆ ಮೂರು ವರ್ಷ, ಒಂದು ವರ್ಷ ಅಥವಾ ಹೆಚ್ಚು ಉಳಿದು ಹೊರಟವರಿಗೆ ಹತ್ತು ವರ್ಷ ಮರುಪ್ರವೇಶಕ್ಕೆ ತಡೆ ಇದೆ. ಎಪಿ ಮೇಲೆ ಹೋಗಿ ಬರುವುದು ಆ ತಡೆಯ ಅರ್ಥದಲ್ಲಿ ನಿರ್ಗಮನವಲ್ಲ ಎಂದು ವಲಸೆ ಮೇಲ್ಮನವಿ ಮಂಡಳಿ 2012ರಲ್ಲಿ, ಭಾರತ ಮೂಲದ ದಂಪತಿಯ ಪ್ರಕರಣದಲ್ಲೇ ತೀರ್ಪು ಕೊಟ್ಟಿದೆ. ಆದರೆ ನಿಮ್ಮ ಕಡತದಲ್ಲಿ ಬೇರೇನಿದೆ ಎಂಬುದನ್ನು ಓದಿದವರೇ ಹೇಳಬೇಕು.

ಇನ್ನು ದಾರಿಯ ಮಾತು. ಎಪಿ ಎಂದರೆ ಫೋಟೊ ಇರುವ ಐ-512ಎಲ್ ಕಾಗದ. ಜೆರಾಕ್ಸ್ ಆಗಲಿ ಫೋನಿನಲ್ಲಿರುವ ಚಿತ್ರವಾಗಲಿ ನಡೆಯದು, ಮೂಲ ಪ್ರತಿಯೇ ಬೇಕು. ಬಂದ ದಿನವೇ ಹೆಸರು, ಹುಟ್ಟಿದ ದಿನ, ಅವಧಿ ಮುಗಿಯುವ ದಿನ ಓದಿ ನೋಡಿ. ಅಕ್ಷರ ತಪ್ಪಿದ್ದರೆ ಹೊರಡುವ ಮೊದಲೇ ತಿದ್ದಿಸಿ. ಜೊತೆಗೆ ಪಾಸ್‌ಪೋರ್ಟ್, ಐ-485 ರಸೀದಿ, ಮದುವೆ ಪ್ರಮಾಣಪತ್ರ, ಎಚ್-1ಬಿ ಮಂಜೂರಾತಿ ಪತ್ರ, ಇತ್ತೀಚಿನ ಸಂಬಳದ ಚೀಟಿ ಇರಲಿ. ಇವೆಲ್ಲ ಕೈಚೀಲದಲ್ಲಿ, ಚೆಕ್-ಇನ್ ಸೂಟ್‌ಕೇಸಿನಲ್ಲಲ್ಲ.

ಬುಕ್ ಮಾಡುವಾಗ ಯಾವ ದೇಶದ ಮೂಲಕ ವಿಮಾನ ಹೋಗುತ್ತದೆಂದು ನೋಡಿ. ವಿಮಾನ ಬದಲಿಸಲು ಇಳಿಯುವ ಭಾರತೀಯರಿಗೂ ಟ್ರಾನ್ಸಿಟ್ ವೀಸಾ ಕೇಳುವ ದೇಶಗಳು ಯುರೋಪಿನಲ್ಲಿವೆ. ಅಮೆರಿಕದ ಊರ್ಜಿತ ವೀಸಾ ಅಥವಾ ಗ್ರೀನ್ ಕಾರ್ಡ್ ಇದ್ದವರಿಗೆ ಅಲ್ಲಿ ಸಿಗುವ ವಿನಾಯಿತಿ ಎಪಿ ಕಾಗದಕ್ಕೂ ಸಿಗುತ್ತದೆಂದು ಎಣಿಸಬೇಡಿ. ಆ ದೇಶದ ನಿಯಮವನ್ನೂ ವಿಮಾನ ಸಂಸ್ಥೆಯ ಉತ್ತರವನ್ನೂ ಬರಹದಲ್ಲಿ ಪಡೆದ ಮೇಲೆ ದುಡ್ಡು ಕಟ್ಟಿ. ಊರಿಗೆ ಹೋಗುವಾಗ ಅಮೆರಿಕದ ವೀಸಾ ಇದ್ದು, ಬರುವ ಹೊತ್ತಿಗೆ ಅವಧಿ ಮುಗಿದಿರುತ್ತದೆ. ತೊಂದರೆ ಗೊತ್ತಾಗುವುದು ಕೆಂಪೇಗೌಡ ನಿಲ್ದಾಣದ ಕೌಂಟರಿನಲ್ಲಿ, ಮಧ್ಯರಾತ್ರಿ. ಅಲ್ಲಿನ ಸಿಬ್ಬಂದಿಗೆ ಈ ಕಾಗದ ದಿನನಿತ್ಯದ್ದಲ್ಲ. ವೀಸಾ ಎಲ್ಲಿ ಎಂದು ಕೇಳಿದರೆ ಅಡ್ವಾನ್ಸ್ ಪೆರೋಲ್ ಎಂದು ಸ್ಪಷ್ಟವಾಗಿ ಹೇಳಿ, ಕಾಗದದಲ್ಲೇ ವಿಮಾನ ಸಂಸ್ಥೆಗೆಂದು ಬರೆದಿರುವ ಭಾಗ ತೋರಿಸಿ, ಮೇಲ್ವಿಚಾರಕರನ್ನು ಕರೆಯಲು ವಿನಂತಿಸಿ. ಕೌಂಟರ್ ತೆರೆಯುವ ಹೊತ್ತಿಗೇ ಅಲ್ಲಿರುವುದು ಒಳ್ಳೆಯದು.

ಅಮೆರಿಕದಲ್ಲಿ ಇಳಿದಾಗ ಎಪಿಯವರನ್ನು ಸಾಮಾನ್ಯವಾಗಿ ಹೆಚ್ಚಿನ ಪರಿಶೀಲನೆಯ ಸೆಕೆಂಡರಿ ಕೋಣೆಗೆ ಕಳುಹಿಸುತ್ತಾರೆ. ಅದು ಅನುಮಾನದ ಗುರುತಲ್ಲ, ಪೆರೋಲ್ ದಾಖಲಿಸುವ ಕೆಲಸ ಅಲ್ಲೇ ನಡೆಯುವುದು. ಮುಂದಿನ ವಿಮಾನಕ್ಕೆ ಕನಿಷ್ಠ ಮೂರು ನಾಲ್ಕು ಗಂಟೆ ಬಿಡುವಿರಲಿ. ಎಚ್ ವೀಸಾ, ಎಪಿ ಎರಡೂ ಇದ್ದರೆ ಯಾವುದರ ಮೇಲೆ ಬರುತ್ತಿದ್ದೀರೆಂದು ನೀವೇ ಮೊದಲು ಹೇಳಿ. ಮನೆ ಮುಟ್ಟಿದ ಮೇಲೆ ಸಿಬಿಪಿ ಜಾಲತಾಣದಲ್ಲಿ ಐ-94 ಎಂಬ ಪ್ರವೇಶ ದಾಖಲೆ ತೆಗೆದು ನೋಡಿ. ಎಪಿ ಮೇಲೆ ಬಂದವರಿಗೆ ಡಿಎ ಎಂದಿರುತ್ತದೆ, ಎಚ್-4ರಲ್ಲಿ ಬಂದವರಿಗೆ ಎಚ್-4. ಬೇರೇನಾದರೂ ಇದ್ದರೆ ತಡಮಾಡದೆ ಸರಿಪಡಿಸಲು ಕೇಳಿ.

ಹೊರಗಿರುವ ದಿನಗಳಲ್ಲಿ ಮನೆಯ ಅಂಚೆಪೆಟ್ಟಿಗೆ ತೆಗೆಯಲು ನಂಬಿಕಸ್ತರೊಬ್ಬರು ಬೇಕು. ಬೆರಳಚ್ಚಿನ ಅಪಾಯಿಂಟ್‌ಮೆಂಟ್, ಸಂದರ್ಶನದ ಸೂಚನೆ, ಹೆಚ್ಚಿನ ದಾಖಲೆ ಕೇಳುವ ಆರ್‌ಎಫ್‌ಇ ಯಾವಾಗ ಬೇಕಾದರೂ ಬರಬಹುದು. ಬೆರಳಚ್ಚಿಗೆ ಹೋಗದೆ, ಮುಂದೂಡಲೂ ಕೇಳದೆ ಸುಮ್ಮನಿದ್ದರೆ ಅರ್ಜಿ ಕೈಬಿಟ್ಟಂತೆ. ಆರ್‌ಎಫ್‌ಇಗೆ ಹೆಚ್ಚೆಂದರೆ 84 ದಿನ, ಅಂಚೆಗೆ ಇನ್ನೊಂದು ಮೂರು. ಆ ಗಡುವು ವಿಸ್ತರಣೆಯಾಗುವುದಿಲ್ಲ. ಮನೆ ಬದಲಿಸಿದವರು 10 ದಿನದೊಳಗೆ ಎಆರ್-11 ಎಂಬ ವಿಳಾಸ ಬದಲಾವಣೆಯ ಫಾರಂ ಮೂಲಕ ತಿಳಿಸಬೇಕು. ಅಂಚೆ ಕಚೇರಿಯ ಫಾರ್ವರ್ಡಿಂಗ್ ನಂಬಬೇಡಿ, ಯುಎಸ್‌ಸಿಐಎಸ್ ಕಾರ್ಡುಗಳು ಹೊಸ ವಿಳಾಸಕ್ಕೆ ಹೋಗದೆ ಕಳುಹಿಸಿದವರಿಗೇ ಮರಳುತ್ತವೆ.

ಊರಿನ ಹಿರಿಯರೇ, ಇಲ್ಲಿಂದ ಮುಂದಿನ ಮಾತು ನಿಮಗೆ. ಗೃಹಪ್ರವೇಶ, ಉಪನಯನ, ಸೀಮಂತದ ಮುಹೂರ್ತ ಇಡುವ ಮೊದಲು ಮಗಳನ್ನೋ ಸೊಸೆಯನ್ನೋ "ಎಪಿ ಬಂತೇನಮ್ಮ?" ಎಂದು ಕೇಳಿ. ಬಂದಿಲ್ಲ ಎಂದರೆ ಬಾ ಎಂದು ಒತ್ತಾಯಿಸಬೇಡಿ. ಐ-131 ಮಂಜೂರಾತಿಗೆ ತಿಂಗಳುಗಳೇ ಹಿಡಿಯುತ್ತವೆ. ಬರದಿದ್ದುದು ಪ್ರೀತಿ ಕಡಿಮೆಯಾಗಿ ಎಂದು ದಯವಿಟ್ಟು ಎಣಿಸಬೇಡಿ.

ಕಾಯಿಲೆ, ಸಾವು ಮಾತ್ರ ಮುಹೂರ್ತ ನೋಡಿ ಬರುವುದಿಲ್ಲ. ಅಂಥ ಹೊತ್ತಿಗೆಂದೇ ತುರ್ತು ಎಪಿ ಇದೆ. 15 ದಿನದೊಳಗೆ ಹೊರಡಲೇಬೇಕಾದ ತುರ್ತು ಇದ್ದರೆ ಯುಎಸ್‌ಸಿಐಎಸ್ ಸಂಪರ್ಕ ಕೇಂದ್ರಕ್ಕೆ, 1-800-375-5283, ಕರೆ ಮಾಡಿ ಹತ್ತಿರದ ಫೀಲ್ಡ್ ಆಫೀಸಿನಲ್ಲಿ ಸಮಯ ಕೇಳಬೇಕು. ಮೊದಲು ಉತ್ತರಿಸುವುದು ಯಂತ್ರ. ತುರ್ತು ಅಡ್ವಾನ್ಸ್ ಪೆರೋಲ್ ಎಂದು ಹೇಳುತ್ತಾ ಮನುಷ್ಯರ ತನಕ ಹೋಗಬೇಕು. ಸಮಯ ಸಿಕ್ಕ ದಿನ ತುಂಬಿ ಸಹಿ ಮಾಡಿದ ಐ-131, ಶುಲ್ಕ ಕಟ್ಟುವ ವ್ಯವಸ್ಥೆ, ಪಾಸ್‌ಪೋರ್ಟ್, ಐ-485 ರಸೀದಿ, ಮೊದಲೇ ಐ-131 ಹಾಕಿದ್ದರೆ ಅದರ ರಸೀದಿ, ಪ್ರಯಾಣದ ವಿವರ, ತುರ್ತಿನ ಪುರಾವೆ ಎಲ್ಲ ಒಯ್ಯಬೇಕು. ಕೊಡುವುದು ಬಿಡುವುದು ಅಧಿಕಾರಿಯ ವಿವೇಚನೆ. ಮದುವೆಗೆಂದು ಕೇಳಿದರೆ ಸಿಗುವುದು ಕಷ್ಟ. ತೀವ್ರ ನಿಗಾ ಘಟಕದಲ್ಲಿರುವ ತಂದೆತಾಯಿ, ತೀರಿಕೊಂಡ ಹತ್ತಿರದ ಬಂಧು ಎಂದರೆ ಕೇಳುತ್ತಾರೆ.

ಇಲ್ಲಿ ಅರ್ಜಿ ನಿಲ್ಲುವುದೂ ಬೀಳುವುದೂ ಊರಿಂದ ಬರುವ ಕಾಗದದ ಮೇಲೆ. ಕರ್ನಾಟಕದ ವೈದ್ಯರಲ್ಲಿ ನಮ್ಮ ವಿನಂತಿ: "ರೋಗಿ ನಮ್ಮಲ್ಲಿ ದಾಖಲಾಗಿದ್ದಾರೆ" ಎಂಬ ಒಂದು ಸಾಲಿನ ಪತ್ರ ಸಾಲದು. ಆಸ್ಪತ್ರೆಯ ಲೆಟರ್‌ಹೆಡ್‌ನಲ್ಲಿ, ಇಂಗ್ಲಿಷಿನಲ್ಲಿ, ರೋಗಿಯ ಪೂರ್ತಿ ಹೆಸರು, ವಯಸ್ಸು, ದಾಖಲಾದ ದಿನ, ಕಾಯಿಲೆ ಏನು, ಈಗಿನ ಸ್ಥಿತಿ ಎಷ್ಟು ಗಂಭೀರ, ಯಾವ ದಿನ ಶಸ್ತ್ರಚಿಕಿತ್ಸೆ, ಅಮೆರಿಕದಲ್ಲಿರುವ ಮಗ ಅಥವಾ ಮಗಳ ಹೆಸರು, ಅವರು ಬರುವುದು ಏಕೆ ಅಗತ್ಯ ಎಂಬಷ್ಟು ಇರಲಿ. ಕೊನೆಯಲ್ಲಿ ವೈದ್ಯರ ಹೆಸರು, ನೋಂದಣಿ ಸಂಖ್ಯೆ, ದೂರವಾಣಿ, ಸಹಿ, ಮೊಹರು, ದಿನಾಂಕ. ಮನೆಯವರು ಐಸಿಯುಗೆ ಸೇರಿಸಿದ ದಿನವೇ ಈ ಪತ್ರ ಕೇಳಿ ಇಟ್ಟುಕೊಳ್ಳಬೇಕು.

ಸಾವು ಸಂಭವಿಸಿದ್ದರೆ ಮರಣ ಪ್ರಮಾಣಪತ್ರ ಬರಲು ಕೆಲವು ದಿನ ಬೇಕಾಗುತ್ತದೆ. ಅದಕ್ಕೇ ಕಾಯುತ್ತ ಕೂರದೆ ಆಸ್ಪತ್ರೆಯ ಡೆತ್ ಸಮ್ಮರಿ, ಚಿತಾಗಾರದ ರಸೀದಿ ಇದ್ದರೆ ಅದು, ಇವುಗಳ ಸ್ಕ್ಯಾನ್ ಪ್ರತಿ ಅಂದೇ ಕಳುಹಿಸಿ. ಅಂತ್ಯಕ್ರಿಯೆಗೆ ಮುಟ್ಟುವುದು ಕಷ್ಟವಾದರೂ, ಫೀಲ್ಡ್ ಆಫೀಸಿನಲ್ಲಿ ಬೇಗ ಸಮಯ ಸಿಕ್ಕರೆ ಹನ್ನೊಂದನೆಯ ಅಥವಾ ಹದಿಮೂರನೆಯ ದಿನದ ಕಾರ್ಯಕ್ಕೆ ಬರಲು ಸಾಧ್ಯವಿದೆ. ಕ್ರಿಯೆಗಳ ದಿನಾಂಕ ಬರೆದು ಮನೆಯ ಹಿರಿಯರೊಬ್ಬರು ಸಹಿ ಮಾಡಿದ ಚಿಕ್ಕ ಪತ್ರವೂ ಜೊತೆಗಿದ್ದರೆ, ಯಾವ ದಿನದೊಳಗೆ ಏಕೆ ತಲುಪಬೇಕೆಂದು ಅಧಿಕಾರಿಗೆ ತಿಳಿಯುತ್ತದೆ.

ಹೆಸರಿನ ಗೋಜಲು ನಮ್ಮವರಿಗೆ ವಿಶೇಷ ತಲೆನೋವು. ಮಗಳ ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಇನಿಷಿಯಲ್ ಬಿಡಿಸಿ ಬರೆದಿರುತ್ತದೆ, ಆಸ್ಪತ್ರೆಯ ಕಾಗದದಲ್ಲಿ ಬರೀ ಕರೆಯುವ ಹೆಸರು, ಆಧಾರ್‌ನಲ್ಲಿ ಮೂರನೆಯ ಬಗೆ, ಎಸ್ಎಸ್ಎಲ್‌ಸಿ ಅಂಕಪಟ್ಟಿಯಲ್ಲಿ ಇನ್ನೊಂದು. ರೋಗಿಯೂ ಅರ್ಜಿದಾರರೂ ತಂದೆ ಮಗಳು ಎಂದು ಕಾಗದವೇ ಹೇಳಬೇಕು. ಜನನ ಪ್ರಮಾಣಪತ್ರ, ಪಾಸ್‌ಪೋರ್ಟಿನ ಕೊನೆಯ ಪುಟ, ತಂದೆಯ ಆಧಾರ್ ಪ್ರತಿ ಒಟ್ಟಿಗಿಟ್ಟು, ಆಸ್ಪತ್ರೆಯ ಪತ್ರದಲ್ಲಿ ಪಾಸ್‌ಪೋರ್ಟಿನಂತೆಯೇ ಹೆಸರು ಬರೆಸಿ. ಕನ್ನಡದಲ್ಲಿರುವ ಯಾವುದೇ ದಾಖಲೆಗೆ ಪೂರ್ತಿ ಇಂಗ್ಲಿಷ್ ಅನುವಾದ ಬೇಕು. ಅನುವಾದ ಪೂರ್ಣವೂ ನಿಖರವೂ ಆಗಿದೆ, ಎರಡೂ ಭಾಷೆ ತನಗೆ ಬರುತ್ತದೆ ಎಂದು ಅನುವಾದಿಸಿದವರು ಬರೆದು ಹೆಸರು, ವಿಳಾಸ, ಸಹಿ, ದಿನಾಂಕ ಹಾಕಿದರೆ ಸಾಕು. ನೋಟರಿ ಬೇಕಿಲ್ಲ. ಅಲ್ಲಿನ ಕನ್ನಡ ಕೂಟಗಳ ಗೆಳೆಯರಿಗೆ ಒಂದು ಕೋರಿಕೆ: ರಾತ್ರೋರಾತ್ರಿ ಹೀಗೆ ಅನುವಾದ ಮಾಡಿಕೊಡಬಲ್ಲವರ ಪಟ್ಟಿಯೊಂದು ನಿಮ್ಮಲ್ಲಿ ಸಿದ್ಧವಿರಲಿ.

ಮದುವೆಯಾಗಿ ಸಂಗಾತಿ ಇನ್ನೂ ಕರ್ನಾಟಕದಲ್ಲೇ ಇದ್ದು, ಅಮೆರಿಕದಲ್ಲಿರುವವರು ಐ-130 ಮಾತ್ರ ಹಾಕಿದ್ದರೆ ಪ್ರಶ್ನೆ ಬೇರೆ. ಐ-130 ಬಾಕಿ ಇರುವುದರಿಂದ ಯಾವ ಸ್ಟೇಟಸೂ ಹುಟ್ಟುವುದಿಲ್ಲ. ನಡುವೆ ಬಿ-2ರಲ್ಲಿ ನೋಡಿ ಬರಲು ನಿಷೇಧವಿಲ್ಲ, ಆದರೆ ಮರಳಿ ಬರುವಿರೆಂದು ಅಧಿಕಾರಿಯನ್ನು ಒಪ್ಪಿಸುವುದು ಬಹಳ ಕಷ್ಟ. ಅದರ ವೀಸಾ ಅರ್ಜಿಯಾದ ಡಿಎಸ್-160ರಲ್ಲಿ ನಿಮ್ಮ ಪರವಾಗಿ ವಲಸೆ ಅರ್ಜಿ ಹಾಕಿದ್ದಾರೆಯೇ ಎಂಬ ಪ್ರಶ್ನೆಗೆ ಹೌದು ಎಂದೇ ಬರೆಯಬೇಕು. ಮುಚ್ಚಿಟ್ಟರೆ ಅದು ಮುಂದೆ ಗ್ರೀನ್ ಕಾರ್ಡಿಗೇ ಮುಳುವಾಗುತ್ತದೆ. ಅರ್ಜಿ ಹಾಕಿದ ಗ್ರೀನ್ ಕಾರ್ಡ್‌ದಾರರು ಹೆಂಡತಿಯ ಜೊತೆ ಇರಲೆಂದು ಊರಿಗೆ ಬಂದು ವರ್ಷ ಮೀರಿ ಉಳಿಯುವುದಾದರೆ ರೀ-ಎಂಟ್ರಿ ಪರ್ಮಿಟ್ ಬೇಕು. ಅದಕ್ಕೂ ಐ-131, ಹಾಕುವಾಗ ಅಮೆರಿಕದಲ್ಲಿರಲೇಬೇಕು.

ಬೇರೆ ದೇಶದಲ್ಲಿರುವ ಕನ್ನಡಿಗರು ಈ ನಿಯಮಗಳನ್ನು ಹಾಗೇ ತಮ್ಮ ಮೇಲೆ ಹೇರಿಕೊಳ್ಳಬೇಡಿ. ಬ್ರಿಟನ್ನಿನೊಳಗಿಂದ ಸಂಗಾತಿ ವೀಸಾ ವಿಸ್ತರಣೆಗೆ ಹಾಕಿ ತೀರ್ಮಾನಕ್ಕೂ ಮುನ್ನ ಬ್ರಿಟನ್, ಐರ್ಲೆಂಡ್ ಒಳಗೊಂಡ ಸಾಮಾನ್ಯ ಪ್ರಯಾಣ ವಲಯದಿಂದ ಹೊರಟರೆ ಅರ್ಜಿ ಹಿಂತೆಗೆದುಕೊಂಡಂತೆ; ಅಲ್ಲಿ ಎಪಿಯಂಥ ಕಾಗದವಿಲ್ಲ. ಆಸ್ಟ್ರೇಲಿಯಾದಲ್ಲಿ 820 ಪಾರ್ಟ್‌ನರ್ ವೀಸಾಗೆ ಕಾಯುತ್ತ ಬ್ರಿಡ್ಜಿಂಗ್ ಎ ಎಂಬ ತಾತ್ಕಾಲಿಕ ವೀಸಾದ ಮೇಲಿರುವವರು, ಹೊರಡುವ ಮೊದಲು ಬ್ರಿಡ್ಜಿಂಗ್ ಬಿ ಪಡೆದು ಅದರಲ್ಲಿ ಬರೆದ ಅವಧಿಯೊಳಗೆ ಮರಳಬೇಕು.

ಗ್ರೀನ್ ಕಾರ್ಡ್ ಬಂದ ಮೇಲೂ ಒಂದು ತಿರುವು ಇದೆ. ಮದುವೆಯ ಆಧಾರದ ಮೇಲೆ ಸಿಕ್ಕಿ, ಆ ದಿನಕ್ಕೆ ಮದುವೆಯಾಗಿ ಎರಡು ವರ್ಷ ತುಂಬದಿದ್ದರೆ ಸಿಗುವುದು ಎರಡು ವರ್ಷದ ಷರತ್ತಿನ ಕಾರ್ಡ್. ಅದು ಮುಗಿಯುವ ಹಿಂದಿನ 90 ದಿನಗಳಲ್ಲಿ, ಆ ಷರತ್ತು ತೆಗೆಯಲು ಕೇಳುವ ಐ-751 ಹಾಕಬೇಕು. ಹಾಕಿದ ಮೇಲೆ ಬರುವ ರಸೀದಿ ಕಾರ್ಡಿನ ಅವಧಿಯನ್ನು 48 ತಿಂಗಳು ವಿಸ್ತರಿಸುತ್ತದೆ. ಊರಿಗೆ ಹೊರಡುವಾಗ ಅವಧಿ ಮುಗಿದ ಕಾರ್ಡ್ ಮತ್ತು ಆ ರಸೀದಿಯ ಮೂಲ ಪ್ರತಿ ಎರಡೂ ಕೈಯಲ್ಲಿರಬೇಕು. ಕಾರ್ಡೊಂದನ್ನೇ ತೋರಿಸಿದರೆ ವಿಮಾನ ಹತ್ತಿಸುವುದಿಲ್ಲ.

ಇಂತಿ,
ವಲಸೆ ಅರ್ಜಿಗಳ ಕೆಲಸದಲ್ಲಿರುವ ನಿಮ್ಮ ಕನ್ನಡ ಬಂಧುಗಳು